ಹುರಿ ಹೊಸೆದ ದಾರ

"ಗಾಳ ಹಾಕುವುದೂ ಬರೆಯುವ ವಿಷಯವೇ?" ಎಂದು ಸಂಘದ ಗೆಳೆಯರು ನಗಬಹುದು. ನಗಲಿ. ಮೀಸೆ ಹುರಿ ಮಾಡಿದ, ಮೈ ಹುರಿಗಟ್ಟಿದೆ ಎಂದೆಲ್ಲ ನಾವು ಸಲೀಸಾಗಿ ಬರೆಯುತ್ತೇವಲ್ಲ, ಆ ಹುರಿ ಅಂದರೇನು ಎಂಬುದು ನನಗೆ ತಿಳಿದದ್ದು ಪೊವಾಯಿ ಕೆರೆಯ ದಂಡೆಯಲ್ಲಿ, ಸೋದರಮಾವನ ಪಕ್ಕ ಕುಳಿತಾಗ.

ಮಾವ ಮಲ್ಪೆಯ ಕಡೆಯವರು. ಭಾವುಚಾ ಧಕ್ಕಾದ ದೋಣಿಗಳಲ್ಲಿ ದುಡಿದು ಈಗ ಭಾಂಡೂಪಿನಲ್ಲಿ ನಮ್ಮ ಜತೆ ಇದ್ದಾರೆ. ಪರಿಚಯದವರೊಬ್ಬರು ಹಳೆಯ ಫ್ಲೈ ಗಾಳದ ಕೋಲು ಕೊಟ್ಟಂದಿನಿಂದ ನಮ್ಮ ಭಾನುವಾರಗಳೆಲ್ಲ ಪೊವಾಯಿಯಲ್ಲೇ. 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ. ಈಗ ಆ ನೀರನ್ನು ಯಾರೂ ಕುಡಿಯರು. ಮೊಸಳೆಗಳಿವೆ, ಆದ್ದರಿಂದ ದಂಡೆಯಲ್ಲೇ ನಿಲ್ಲಬೇಕು.

ನಮ್ಮ ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಕೊಕ್ಕೆಗೆ ಕಟ್ಟಿದ್ದು ಹುಳದ ವೇಷದ ಒಂದು ಗರಿಯ ಚೂರು. ಅದಕ್ಕೆ ತೂಕವೇ ಇಲ್ಲ. ತೂಕವಿರುವುದು ದಪ್ಪ ದಾರಕ್ಕೆ. ಆದರೆ ದಪ್ಪ ದಾರವೇ ಮೀನಿನ ಎದುರು ಬಿದ್ದರೆ ಮೀನು ಪರಾರಿ. ಅದಕ್ಕೇ ನಡುವೆ ಲೀಡರ್ ಎಂಬ ತುಂಡು: ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. "ಬಾರುಕೋಲು ಇದ್ದ ಹಾಗೆ ಮಾರಾಯ. ಬೀಸಿದ ಜೋರು ತುದಿಯವರೆಗೆ ಹೋಗ್ಬೇಕು" ಅಂದರು ಮಾವ.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಒಂದೇ ಎಳೆಯ ನೈಲಾನು. ಸುರುಳಿ ಸುತ್ತಿಟ್ಟದ್ದು ಬಿಚ್ಚಿದರೂ ಸುರುಳಿಯಾಗಿಯೇ ಇರುತ್ತದೆ. ಹೊಸೆದ ಲೀಡರಿಗೆ ಆ ಹಟವಿಲ್ಲ. ಮಾವ ಅದನ್ನು ಹೊಲಿಗೆಯ ಪಾಲಿಯೆಸ್ಟರ್ ದಾರದಲ್ಲೇ ಮಾಡಿದರು. ಹಲಗೆಗೆ ಮೊಳೆ ಹೊಡೆದು ದಾರವನ್ನು ಕುಣಿಕೆ ಕುಣಿಕೆಯಾಗಿ ಹಾಯಿಸುವುದು. ಬುಡದ ಕಡೆ ಎಳೆ ಹೆಚ್ಚು, ತುದಿಗೆ ಕಡಿಮೆ. ಇಂಥ ಎರಡು ಸಾಲು. ಎರಡಕ್ಕೂ ಒಂದೇ ದಿಕ್ಕಿಗೆ ಹುರಿ ಏರಿಸಿ, ಜೋಡಿಸಿ ಬಿಟ್ಟರೆ ಅವು ಉಲ್ಟಾ ದಿಕ್ಕಿಗೆ ತಾವೇ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಒಂದು ಹುರಿ ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಅಂಟಿಲ್ಲ, ನಡುವೆ ಗಂಟಿಲ್ಲ.

ಇದು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಗಾಳದ ಪುಸ್ತಕ ಬರೆದಾಗ ದಾರವೆಂದರೆ ಕುದುರೆಯ ಬಾಲದ ಕೂದಲು ಹೊಸೆದದ್ದೇ. 1676ರಲ್ಲಿ ಅದಕ್ಕೆ ಫ್ಲೈ ಗಾಳದ ಭಾಗ ಸೇರಿಸಿದ ಚಾರ್ಲ್ಸ್ ಕಾಟನ್, ಕೊಕ್ಕೆಯ ಹತ್ತಿರ ಬಂದಂತೆ ಕೂದಲು ಕಡಿಮೆ ಮಾಡಿ ಎನ್ನುತ್ತಾನೆ. ಮಾವ ಇದನ್ನೆಲ್ಲ ಓದಿದವರಲ್ಲ. ಅಜ್ಜಿ ತೊಡೆಯ ಮೇಲೆ ಬಲೆಗೆ ಸೆಣಬು ಹೊಸೆಯುವುದನ್ನು ನೋಡಿದವರು, ಅಷ್ಟೆ.

ಆರಿಸುವಾಗ ಒಂದು ಮಾತು. ಹುಳ ನೀರ ಮೇಲೆ ತೇಲಬೇಕಾದರೆ ನೂಲಿನ ಲೀಡರಿಗೆ ಮೇಣ ಸವರಿ ಬಳಸಿ. ಇಲ್ಲವಾದರೆ ನೀರು ಕುಡಿದು, ಬೀಸಿದಾಗ ಹನಿ ಉದುರಿಸಿ ಮೀನನ್ನು ಎಬ್ಬಿಸುತ್ತದೆ. ಹುಳ ಮುಳುಗಬೇಕಾದರೆ ಫ್ಲೋರೋಕಾರ್ಬನ್ ಎಳೆಯದು ಮೇಲು. 5 ಅಡಿ ಲೀಡರು, ಅದರ ತುದಿಗೆ 3-4 ಅಡಿ ಸಣ್ಣ ನೈಲಾನು. ಕಡಿಯುವುದಾದರೆ ಆ ನೈಲಾನೇ ಕಡಿಯಬೇಕು. ಅದು ಲೀಡರಿಗಿಂತ ದುರ್ಬಲವಾಗಿಯೇ ಇರಲಿ. ಕಲ್ಲಿಗೆ ಉಜ್ಜಿದರೆ ಎಳೆ ಎದ್ದುಬಿಡುತ್ತದೆ, ಅದೊಂದು ಇದರ ದೋಷ.

ಇನ್ನೊಂದು ದೋಷ ನಾನೇ ಕಂಡುಹಿಡಿದೆ. ಕೊಕ್ಕೆ ಅಂತರಗಂಗೆಗೆ ಸಿಕ್ಕಿತು. ದಾರ ಸುತ್ತಿಕೊಂಡು ಹೋಗಿ ನೈಲಾನನ್ನೇ ಕೈಯಲ್ಲಿ ಹಿಡಿದು ಕಡಿಯಬೇಕಿತ್ತು. ಅವಸರದಲ್ಲಿ ಕೋಲಿನಿಂದಲೇ ಜಗ್ಗಿದೆ. ಹೊಸೆದ ದಾರ ರಬ್ಬರಿನಂತೆ ಹಿಗ್ಗುತ್ತದೆ. ಕೊಕ್ಕೆ ಬಿಟ್ಟ ಕ್ಷಣ ವಾಪಸು ಹಾರಿ, ನನ್ನ ಕಾಲ ಬಳಿ ಹತ್ತಿಯ ಉಂಡೆಯಾಗಿ ಬಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಿನ್ನು ಹಿಡಿದು ಒಂದು ಗಂಟೆ ಬಿಡಿಸಿದರು, ಬರಲಿಲ್ಲ. ಈಚೆಗೆ ಅವರ ಬೆರಳು ನಡುಗುತ್ತವೆ. "ನನ್ನಿಂದ ಇನ್ನು ಆಗ್ಲಿಕ್ಕಿಲ್ಲ. ಹಲಗೆ ಉಂಟಲ್ಲ, ನೀನೇ ಹೊಸಿ" ಅಂದರು.

ಹೊಸೆದೆ. 5 ಅಡಿ ಬರಬೇಕಿದ್ದದ್ದು ನಾಲ್ಕೂವರೆಯಾಯಿತು. ಹುರಿ ಏರಿದಂತೆ ದಾರ ಗಿಡ್ಡವಾಗುತ್ತದೆಂಬ ಲೆಕ್ಕವನ್ನು ಮಾವ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.