ಹಳದಿ ಹಾಳೆಯ ಸಾಕ್ಷಿ

ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ ಗೆದ್ದ, ಗೆಲ್ಲುತ್ತಲೇ ಸತ್ತ. ಆ ಸುದ್ದಿ ಹೊತ್ತ ಲಂಡನ್ನಿನ ‘ದಿ ಟೈಮ್ಸ್’ನ 1805ರ ನವೆಂಬರ್ 7ರ ಸಂಚಿಕೆ ಹಳೆ ಪತ್ರಿಕೆ ಕೂಡಿಡುವವರ ಪಾಲಿಗೆ ನಿಧಿ. ನಿಧಿ ಎಂದಮೇಲೆ ನಕಲು ಇಲ್ಲದೆ ಇರುತ್ತದೆಯೇ? ಅದನ್ನು ಮತ್ತೆ ಮತ್ತೆ ಮರುಮುದ್ರಿಸಿದ್ದಾರೆ. ಯಾರಾದರೂ ಕಂದು ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಪ್ರತಿಯೊಂದನ್ನು ಮುಂದಿಟ್ಟು ‘ನೋಡಿ ಸಾರ್, ಎಷ್ಟು ಹಳೇದು’ ಎಂದರೆ ಕೈಮುಗಿದು ಎದ್ದುಬನ್ನಿ. ಎರಡನೇ ಮಹಾಯುದ್ಧದ ಪತ್ರಿಕೆಯಲ್ಲಿ ಲೆಕ್ಕ ತಿರುಗುಮುರುಗು. ಅದು ಹಾಲಿನಂತೆ ಬೆಳ್ಳಗಿದ್ದರೆ ಅನುಮಾನಪಡಬೇಕು.

ನೂರಮೂವತ್ತು ವರ್ಷ ಹಿರಿಯದು ಬೆಳ್ಳಗಿದ್ದು ಕಿರಿಯದು ಮುಪ್ಪಾಗುವುದು ಹೇಗೆ? 1805ರಲ್ಲಿ ಕಾಗದವಾಗುತ್ತಿದ್ದುದು ಹಳೆ ಬಟ್ಟೆ. ಹತ್ತಿಯ, ಅಗಸೆನಾರಿನ ಚಿಂದಿಯನ್ನು ಕೊಳೆಸಿ, ಕುಟ್ಟಿ, ಜರಡಿಯಲ್ಲಿ ಎತ್ತುತ್ತಿದ್ದರು. ಅದು ಬಹುಪಾಲು ಶುದ್ಧ ಸೆಲ್ಯುಲೋಸ್. ಓದುವವರು ಹೆಚ್ಚಿದಂತೆ ಚಿಂದಿಗೆ ಬರ ಬಂತು. 1844ರಲ್ಲಿ ಜರ್ಮನಿಯ ಕೆಲ್ಲರ್, ಕೆನಡಾ ಕಡೆಯ ಫೆನರ್ಟಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಮರವನ್ನೇ ಅರೆದು ಕಾಗದ ಮಾಡುವ ದಾರಿ ತೋರಿದರು. ಕಾಗದ ಅಗ್ಗವಾಯಿತು. ಆದರೆ ಮರದ ಜೊತೆಗೆ ಲಿಗ್ನಿನ್ ಕೂಡ ಒಳಗೆ ಬಂತು.

ಲಿಗ್ನಿನ್ ಎಂದರೆ ಮರವನ್ನು ನೆಟ್ಟಗೆ ನಿಲ್ಲಿಸುವ ಗಾರೆ. ಸೆಲ್ಯುಲೋಸ್ ಎಳೆಗಳ ನಡುವೆ ಮೆತ್ತಿಕೊಂಡಿರುತ್ತದೆ. ಒಳ್ಳೆಯ ಪುಸ್ತಕದ ಕಾಗದಕ್ಕೆ ಅದನ್ನು ರಾಸಾಯನಿಕದಲ್ಲಿ ಬೇಯಿಸಿ ತೆಗೆಯುತ್ತಾರೆ. ನಾಳೆ ರದ್ದಿಯಾಗುವ ಪತ್ರಿಕೆಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಬೆಳಕು, ಆಮ್ಲಜನಕ ತಾಗಿದಾಗ ಲಿಗ್ನಿನ್ ಬದಲಾಗಿ ಹಳದಿ, ಕಂದು ಬಣ್ಣ ಹುಟ್ಟುತ್ತದೆ. ಇಂಕು ಹರಡದಂತೆ ಕಾಗದಕ್ಕೆ ಸೇರಿಸುತ್ತಿದ್ದ ಪಟಿಕ ಬೇರೆ ಆಮ್ಲ ಕೊಡುತ್ತದೆ. ಆಮ್ಲ ಸೆಲ್ಯುಲೋಸಿನ ಉದ್ದ ಸರಪಣಿಗಳನ್ನು ಕತ್ತರಿಸುತ್ತ ಹೋಗುತ್ತದೆ. ಆ ಕ್ರಿಯೆಯಲ್ಲೇ ಇನ್ನಷ್ಟು ಆಮ್ಲ ಹುಟ್ಟುತ್ತದೆ. ಹಳೆ ಕಾಗದದ ಕಟ್ಟು ಬಿಚ್ಚಿದಾಗ ಬರುವ ಸಿಹಿ ವಾಸನೆಯಲ್ಲಿ ವೆನಿಲಿನ್‌ನದೂ ಒಂದು ಪಾಲು. ಐಸ್‌ಕ್ರೀಮಿನಲ್ಲಿರುವ ಅದೇ ವೆನಿಲಿನ್, ಇಲ್ಲಿ ಲಿಗ್ನಿನ್ ಮುರಿದು ಬಂದದ್ದು.

ಹೀಗೆ ಹಾಳೆಯನ್ನು ಕೊಲ್ಲುವ ವಿಷವೇ ಅದರ ಜನ್ಮಪತ್ರಿಕೆ. ಎಷ್ಟು ಹಳದಿ ಎನ್ನುವುದಕ್ಕಿಂತ ಎಲ್ಲಿ ಹಳದಿ ಎಂದು ನೋಡಬೇಕು. ಸಹಜವಾಗಿ ಮಾಗಿದ ಹಾಳೆಯಲ್ಲಿ ಗಾಳಿ ಬೆಳಕು ತಾಗುವ ಅಂಚು, ಮಡಿಕೆಗಳು ಕಪ್ಪಾಗಿ, ನಡುಭಾಗ ತಿಳಿಯಾಗಿರುತ್ತದೆ. ಚಹಾದಲ್ಲಿ ಅದ್ದಿ ಮುಪ್ಪು ಬರಿಸಿದ್ದರೆ ಬಣ್ಣ ಸಾಮಾನ್ಯವಾಗಿ ಉದ್ದಗಲಕ್ಕೂ ಒಂದೇ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಚ್ಚುಮೊಳೆ ಒತ್ತಿದ ಸಣ್ಣ ತಗ್ಗು ಕಾಣುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಆ ತಗ್ಗು ಇರುವುದಿಲ್ಲ. ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ಕಾಗದ ನೀಲಿಯಾಗಿ ಹೊಳೆದರೆ ಯುದ್ಧಕಾಲದ್ದೆಂಬ ಮಾತನ್ನು ಮರೆತುಬಿಡಿ. ಹಾಗೆ ಹೊಳೆಯುವ ಬಿಳುಪುಕಾರಕಗಳು ಕಾಗದಕ್ಕೆ ಬಂದದ್ದು ಯುದ್ಧ ಮುಗಿದ ಮೇಲೆ. ಹೊಳೆಯಲಿಲ್ಲ ಎಂದಮಾತ್ರಕ್ಕೆ ಅಸಲಿ ಎಂದೂ ಅಲ್ಲ.

ಕೆಲವೊಮ್ಮೆ ಕಾಗದವೇ ಸುದ್ದಿ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಮಿಸಿಸಿಪಿ ನದಿ ದಂಡೆಯ ವಿಕ್ಸ್‌ಬರ್ಗ್ ಪಟ್ಟಣವನ್ನು ಉತ್ತರದ ಸೇನೆ 47 ದಿನ ಮುತ್ತಿತು. ಒಳಗೆ ಕಾಗದ ತೀರಿತು. ‘ಡೈಲಿ ಸಿಟಿಜನ್’ನ ಸಂಪಾದಕ ಸ್ವೋರ್ಡ್ಸ್ ಗೋಡೆಗೆ ಅಂಟಿಸುವ ಬಣ್ಣಬಣ್ಣದ ಕಾಗದದ ಹಿಂಬದಿಯಲ್ಲಿ ಪತ್ರಿಕೆ ಅಚ್ಚುಹಾಕಿದ. ಜುಲೈ 2ರ ಸಂಚಿಕೆಗೆ ಜೋಡಿಸಿದ ಮೊಳೆಗಳು ಹಾಗೇ ಇದ್ದವು. 4ರಂದು ಪಟ್ಟಣ ಬಿತ್ತು. ಒಳಹೊಕ್ಕ ಸೈನಿಕರು ಕೊನೆಯಲ್ಲಿ ತಮ್ಮದೊಂದು ಟಿಪ್ಪಣಿ ಸೇರಿಸಿ, ಮಿಕ್ಕ ಗೋಡೆಕಾಗದದ ಮೇಲೆ ಮುದ್ರಿಸಿದರು. ಸೋತವರ ಪತ್ರಿಕೆ, ಗೆದ್ದವರ ಕೊನೆಸಾಲು! ಇದರ 30ಕ್ಕೂ ಹೆಚ್ಚು ಬಗೆಯ ಮರುಮುದ್ರಣಗಳಿದ್ದು, ಅಸಲಿಯ ಗುರುತುಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಮಾಡಿಟ್ಟಿದೆ.

ಎರಡನೇ ಮಹಾಯುದ್ಧದಲ್ಲೂ ಪತ್ರಿಕೆಗಳು ಕಾಗದವಿಲ್ಲದೆ ಸೊರಗಿದವು. ಬ್ರಿಟನ್ನಿನಲ್ಲಿ ಪುಟ ಕತ್ತರಿಸಿದ್ದಲ್ಲದೆ ಮನೆಮನೆಯಿಂದ ರದ್ದಿ ಸಂಗ್ರಹಿಸಿದರು. ಉಳಿದ ಪ್ರತಿಗಳಿಗೆ ಈಗ ಬೆಲೆ ಬರಲು ಅದೂ ಒಂದು ಕಾರಣ. ನಮ್ಮಲ್ಲಿ ಪತ್ರಿಕಾ ಕಾಗದವೆಲ್ಲ ಹಡಗಿನಲ್ಲಿ ಬರಬೇಕಿತ್ತು. ಭದ್ರಾವತಿಯ ಕಾಗದ ಕಾರ್ಖಾನೆ 1936ರಲ್ಲೇ ಹುಟ್ಟಿದರೂ ಅಲ್ಲಿ ಪತ್ರಿಕಾ ಕಾಗದ ತಯಾರಾದದ್ದು 1980ರ ದಶಕದಲ್ಲಿ. ದೇಶದಲ್ಲಿ ಮೊದಲು ಅದನ್ನು ಮಾಡಿದ ಮಧ್ಯಪ್ರದೇಶದ ನೇಪಾನಗರವೂ 1955ರವರೆಗೆ ಕಾಯಬೇಕಾಯಿತು. ಹಾಗಾಗಿ ‘ತಾಯಿನಾಡು’ವಿನಂಥ ಪತ್ರಿಕೆಯ ಯುದ್ಧಕಾಲದ ಹಾಳೆ ಸಿಕ್ಕರೆ ಅದು ಸಮುದ್ರ ದಾಟಿಬಂದ ಕಾಗದ.

ಸಿಕ್ಕಮೇಲೆ ಲ್ಯಾಮಿನೇಶನ್ ಮಾಡಿಸುವವರಿದ್ದಾರೆ. ಅದು ಹಾಳೆಗೆ ಗೋರಿ ಕಟ್ಟಿದಂತೆ. ಬಿಸಿ, ಅಂಟು ಎರಡೂ ಸೇರಿ ಆಮ್ಲವನ್ನು ಒಳಗೇ ಕೂಡಿಹಾಕುತ್ತವೆ. ಸೆಲೊಟೇಪ್ ಕೂಡ ಬೇಡ. ಕ್ಷಾರದಲ್ಲಿ ಅದ್ದಿ ಆಮ್ಲ ತಣಿಸುವ ವಿಧಾನವೇನೋ ಇದೆ, ಆದರೆ ಅದು ನುರಿತವರ ಕೆಲಸ. ಮುರಿದ ಸರಪಣಿ ಅದರಿಂದಲೂ ಕೂಡುವುದಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಆಮ್ಲರಹಿತ ರಟ್ಟಿನ ಮೇಲೆ ಮಡಿಸದೆ ಹಾಸಿ, ಪಾಲಿಯೆಸ್ಟರ್ ಹಾಳೆ ಹೊದಿಸಿ, ತಂಪಾದ ಕತ್ತಲಲ್ಲಿಡುವುದು. ಮಳೆಗಾಲದಲ್ಲಿ ಬೂಷ್ಟು, ಗೆದ್ದಲಿನ ಮೇಲೊಂದು ಕಣ್ಣಿರಲಿ.

ಟ್ರಂಕಿನ ತಳಕ್ಕೆ ಪೇಪರ್ ಹಾಸಿ ಸೀರೆ ಪೇರಿಸಿಡುತ್ತಿದ್ದ ಅಜ್ಜಿಯಂದಿರು ತಮಗರಿವಿಲ್ಲದೆ ಈ ಅರ್ಧ ಕೆಲಸ ಮಾಡಿದ್ದರು. ಅಂಥ ಟ್ರಂಕು ಅಟ್ಟದಲ್ಲಿದ್ದರೆ ಹಾಳೆಯ ಮೂಲೆ ಹಿಡಿದು ಎಳೆಯಬೇಡಿ. ತೆಳ್ಳನೆಯ ರಟ್ಟೊಂದನ್ನು ಅಡಿಗೆ ಮೆಲ್ಲಗೆ ತೂರಿಸಿ, ರಟ್ಟಿನ ಸಮೇತ ಎತ್ತಿ.