ವಿಂಡೋಸ್ ತೆಗೆದು ಲಿನಕ್ಸ್ ಹಾಕೋ ಮುಂಚೆ

ಹೊಸ ಲ್ಯಾಪ್‌ಟಾಪ್ ಬಂದ ವಾರದಲ್ಲೇ ಹಾಸ್ಟೆಲ್‌ನಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ: "ವಿಂಡೋಸ್ ತೆಗೆದು ಉಬುಂಟು ಹಾಕ್ಬಿಡು ಮಗಾ, ಅರ್ಧ ಗಂಟೆ ಕೆಲಸ." ಅರ್ಧ ಗಂಟೆ ಅನ್ನೋದೇನೂ ಸುಳ್ಳಲ್ಲ. ಆದ್ರೆ ಆ ಅರ್ಧ ಗಂಟೆಯಲ್ಲಿ ಅಳಿಸಿಹೋದ ಫೈಲ್‌ಗಳು ವಾಪಸ್ ಬರೋದು ಕಷ್ಟ. ಹಾಕೋದು ಹೇಗೆ ಅಂತ ತೋರಿಸೋ ವಿಡಿಯೋಗಳು ಬೇಕಾದಷ್ಟಿವೆ. ಹಾಕೋಕ್ಕಿಂತ ಮುಂಚೆ ಏನೇನು ನೋಡ್ಕೋಬೇಕು ಅನ್ನೋದನ್ನ ಇಲ್ಲಿ ನೋಡೋಣ.

ಪೂರ್ತಿ ತೆಗೀಬೇಕಾ?

ಇದಕ್ಕೆ ಉತ್ತರ ನಿಮ್ಮ ಬ್ರಾಂಚ್ ಮೇಲೆ ನಿಂತಿದೆ. ಪೈಥಾನ್, ಗಿಟ್, ಡಾಕರ್ ಜೊತೆ ಕೆಲಸ ಮಾಡೋ ಕಂಪ್ಯೂಟರ್ ಸೈನ್ಸ್‌ನವರಿಗೆ ಲಿನಕ್ಸ್ ತವರುಮನೆ ಇದ್ದಂಗೆ. ಎಲೆಕ್ಟ್ರಾನಿಕ್ಸ್‌ನವರು ಬಳಸೋ ಮ್ಯಾಟ್‌ಲ್ಯಾಬ್, ವಿವಾಡೋ, ಕೈಕ್ಯಾಡ್‌ಗೂ ಲಿನಕ್ಸ್ ಆವೃತ್ತಿ ಇದೆ. ಆದ್ರೆ ಸಾಲಿಡ್‌ವರ್ಕ್ಸ್, ರೆವಿಟ್ ವಿಂಡೋಸ್‌ನಲ್ಲಿ ಮಾತ್ರ. ಆಟೋಕ್ಯಾಡ್‌ನ ಪೂರ್ಣ ಆವೃತ್ತಿಯೂ ಲಿನಕ್ಸ್‌ಗೆ ಇಲ್ಲ. ಆನ್‌ಲೈನ್ ಪರೀಕ್ಷೆಗೆ ಬಳಸೋ ಸೇಫ್ ಎಕ್ಸಾಮ್ ಬ್ರೌಸರ್ ಕೂಡ ಲಿನಕ್ಸ್‌ಗೆ ಬಂದಿಲ್ಲ. ಮೆಕ್ಯಾನಿಕಲ್, ಸಿವಿಲ್‌ನವರು ಮತ್ತು ಪ್ಲೇಸ್‌ಮೆಂಟ್ ಹತ್ತಿರ ಇರೋರು ಡ್ಯುಯಲ್ ಬೂಟ್ ಮಾಡ್ಕೊಳ್ಳೋದೇ ಜಾಣತನ.

ಬಿಟ್‌ಲಾಕರ್ ಕೀ

ಇದನ್ನ ಮರೆತವರೇ ಹೆಚ್ಚು ಒದ್ದಾಡೋದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ್ರೆ ಸಾಮಾನ್ಯವಾಗಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ. ನಿಮ್ಮನ್ನ ಕೇಳೋದೂ ಇಲ್ಲ. ಆಮೇಲೆ ನೀವು ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಮುಟ್ಟಿದ್ರೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲ ಅಂದ್ರೆ ಡಿಸ್ಕ್‌ನಲ್ಲಿರೋ ಡೇಟಾ ಇದ್ದೂ ಇಲ್ಲದಂತೆ. ಮೊದಲು ಮೈಕ್ರೋಸಾಫ್ಟ್ ಅಕೌಂಟ್ ಪುಟದಲ್ಲಿ ಆ ಕೀ ಹುಡುಕಿ, ಹಾಳೆಯಲ್ಲಿ ಬರ್ಕೊಳ್ಳಿ. ಫೈಲ್‌ಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲಿ.

ದುಡ್ಡು ಕೊಟ್ಟ ಲೈಸೆನ್ಸ್ ಹೋಗುತ್ತಾ?

ಹೋಗಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಗಳು ಕೀಯನ್ನ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇಡ್ತಾ ಬಂದಿವೆ. ಡಿಸ್ಕ್ ಪೂರ್ತಿ ಒರೆಸಿದ್ರೂ, ಅದೇ ಎಡಿಷನ್ ಮತ್ತೆ ಹಾಕಿದ್ರೆ ಆಕ್ಟಿವೇಟ್ ಆಗುತ್ತೆ. ಆಫೀಸ್ ಕಥೆ ಬೇರೆ: ಲ್ಯಾಪ್‌ಟಾಪ್ ಜೊತೆ ಬಂದಿದ್ರೆ ವಿಂಡೋಸ್ ಇರುವಾಗಲೇ ಒಮ್ಮೆ ಆಕ್ಟಿವೇಟ್ ಮಾಡಿ ನಿಮ್ಮ ಅಕೌಂಟ್‌ಗೆ ಸೇರಿಸ್ಕೊಳ್ಳಿ. ಡಿಸ್ಕ್ ಒರೆಸಿದ್ರೆ ರಿಕವರಿ ಪಾರ್ಟಿಷನ್ನೂ ಹೋಗುತ್ತೆ. ಅದಕ್ಕೇ 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಟ್ಕೊಳ್ಳಿ.

ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ

ಇನ್ನೊಂದು ಪೆನ್‌ಡ್ರೈವ್‌ಗೆ ರೂಫಸ್‌ನಿಂದ ಉಬುಂಟು ಬರೆದು ಬೂಟ್ ಮಾಡಿ. ಇನ್‌ಸ್ಟಾಲ್ ಮಾಡದೆ ಟ್ರೈ ಮಾಡೋ ಆಯ್ಕೆ ಸಿಗುತ್ತೆ. ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ಮುಚ್ಚಿ ತೆಗೆದ್ರೆ ಎಚ್ಚರ ಆಗುತ್ತಾ - ಎಲ್ಲಾ ನೋಡಿ. ತೀರಾ ಹೊಸ ಮಾಡೆಲ್‌ಗಳಲ್ಲಿ ವೈಫೈ ಕೈಕೊಡೋದುಂಟು. ಹೊಸ ಕರ್ನಲ್ ಇರೋ ಆವೃತ್ತಿ ಹಾಕಿದ್ರೆ ಎಷ್ಟೋ ಸಲ ಸರಿಹೋಗುತ್ತೆ.

ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಕಾಣಿಸದೇ ಇದ್ರೆ ಬಯಾಸ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಸೆಟ್ಟಿಂಗ್ ಕಾರಣ ಇರಬಹುದು. ವಿಂಡೋಸ್ ಉಳಿಸ್ಕೊಳ್ಳೋರು ಅದನ್ನ ಸುಮ್ನೆ ಬದಲಿಸಬೇಡಿ, ವಿಂಡೋಸ್ ಬೂಟ್ ಆಗದೇ ಹೋಗಬಹುದು.

ಕೊನೇ ಕ್ಲಿಕ್

ಡ್ಯುಯಲ್ ಬೂಟ್ ಮಾಡೋರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ, ಅಲ್ಲಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಜಾಗ ಬಿಡಿಸ್ಕೊಳ್ಳಿ. ಇನ್‌ಸ್ಟಾಲರ್‌ನಲ್ಲಿ 'ಇರೇಸ್ ಡಿಸ್ಕ್' ಅಂತ ಕಂಡಾಗ ಕೈ ತಡೀರಿ. ಅದು ಒಂದು ಪಾರ್ಟಿಷನ್ ಅಲ್ಲ, ಇಡೀ ಡಿಸ್ಕ್ ಒರೆಸುತ್ತೆ. ಪೂರ್ತಿ ಲಿನಕ್ಸ್‌ಗೇ ಹೋಗೋರು ಮಾತ್ರ ಅದನ್ನ ಒತ್ತಿ.

ಇನ್‌ಸ್ಟಾಲ್ ಆದ್ಮೇಲೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸ್ಕೊಳ್ಳಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು ಇದು. ನುಡಿಯಲ್ಲಿ ಟೈಪ್ ಮಾಡಿದವರಿಗೆ ಹೊಸದಾಗಿ ಕಲಿಯೋದು ಹೆಚ್ಚೇನೂ ಇರಲ್ಲ. ಮುಂದಿನ ಸಂಚಿಕೆಗೆ ಲೇಖನ ಅದರಲ್ಲೇ ಬರೆದು ಕಳಿಸಿ.