ಕಿವಿಗಿಂತ ಮುಂದೆ ಓಡುವ ಮಿದುಳು: ಎರಡು ನುಡಿಗಳ ನಡುವೆ ನಿರೀಕ್ಷೆ ಮತ್ತು ನಂಬಿಕೆ

ಮಿದುಳು ನಿರೀಕ್ಷೆ ಮತ್ತು ನಂಬಿಕೆಗಳಿಂದ ನಮ್ಮ ನಡವಳಿಕೆಯನ್ನು ಹೇಗೆ ನಡೆಸುತ್ತದೆ ಅನ್ನೋದು ನನ್ನ ಇವತ್ತಿನ ವಿಷಯ. ನಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಪ್ರಸಂಗದಿಂದ ಶುರು ಮಾಡ್ತೇನೆ.

ನಮ್ಮದು ಮಡಕಶಿರಾ ಕಡೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಒಮ್ಮೆ ಮೈಸೂರು ಕಡೆಯಿಂದ ಚಿಕ್ಕಮ್ಮ ಬಂದಿದ್ದರು. ಪಕ್ಕದ ಮನೆಯವರು ಒಂದಿಷ್ಟು ಹಣ್ಣು ತಂದು, ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಹತ್ರ ಒಂದು ಮಾಟ ಐತೆ" ಅಂದರು. ಚಿಕ್ಕಮ್ಮ ಬೆಚ್ಚಿಬಿದ್ದರು. ತೆಲುಗಿನ 'ಮಾಟ' ಅಂದ್ರೆ ಮಾತು. ಚಿಕ್ಕಮ್ಮನಿಗೆ ಗೊತ್ತಿದ್ದದ್ದು ಮಾಟ-ಮಂತ್ರದ ಮಾಟ. ಆ ಹಣ್ಣನ್ನು ಅವರು ಮುಟ್ಟಲೇ ಇಲ್ಲ. ಅಮ್ಮನಿಗೆ ಮಾತ್ರ ಏನೂ ವಿಚಿತ್ರ ಅನ್ನಿಸಲಿಲ್ಲ.

ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಸದ್ದು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಇಂದ್ರಿಯಗಳು ತಂದುಕೊಡುವುದು ಅರೆಬರೆ ಸುಳಿವು ಮಾತ್ರ; ಮಿದುಳು ನಮಗೇ ತಿಳಿಯದಂತೆ ಊಹೆ ಮಾಡಿ ಅದನ್ನು ಪೂರ್ತಿ ಮಾಡುತ್ತದೆ ಅಂತ. ಇವತ್ತಿನ ನರವಿಜ್ಞಾನದ ಒಂದು ಪ್ರಮುಖ ವಿಚಾರಧಾರೆ ಇದನ್ನೇ ಬೆಳೆಸಿದೆ. ಅದರ ಪ್ರಕಾರ ಮಿದುಳು ಮುಂದೆ ಬರುವುದನ್ನು ಮೊದಲೇ ಊಹಿಸಿ ಇಟ್ಟುಕೊಳ್ಳುತ್ತದೆ. ಬಂದದ್ದು ಊಹೆಗೆ ಹೊಂದಿದರೆ ಸರಿ. ಹೊಂದದಿದ್ದರೆ ಆ ವ್ಯತ್ಯಾಸವೇ, ಅಂದರೆ ಊಹೆಯ ತಪ್ಪೇ, ಮಿದುಳಿಗೆ ಪಾಠವಾಗುತ್ತದೆ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 1970ರಲ್ಲಿ ರಿಚರ್ಡ್ ವಾರನ್ ಅವರು ಮುದ್ರಿಸಿದ ಒಂದು ವಾಕ್ಯದಿಂದ ಒಂದು ಧ್ವನಿಯನ್ನು ಕತ್ತರಿಸಿ, ಆ ಜಾಗದಲ್ಲಿ ಕೆಮ್ಮು ಸೇರಿಸಿ 20 ಮಂದಿಗೆ ಕೇಳಿಸಿದರು. 19 ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲ ಅಂದರು. ಇಲ್ಲದ ಧ್ವನಿಯನ್ನು ಮಿದುಳೇ ತುಂಬಿಕೊಂಡಿತ್ತು.

ನಮ್ಮಂಥ ಎರಡು ನುಡಿಯವರಿಗೆ ಇನ್ನೂ ಹತ್ತಿರದ ಪ್ರಯೋಗ ಒಂದಿದೆ. 1977ರಲ್ಲಿ ಎಲ್ಮನ್ ಮತ್ತು ಸಂಗಡಿಗರು ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಇದನ್ನು ಮಾಡಿದರು. 'ಬ'ಗೂ 'ಪ'ಗೂ ನಡುವಿನ ಗೆರೆ ಆ ಎರಡು ಭಾಷೆಗಳಲ್ಲಿ ಬೇರೆ ಬೇರೆ ಕಡೆ ಬೀಳುತ್ತದೆ. ಕೇಳುತ್ತಿರುವುದು ಯಾವ ಭಾಷೆ ಎಂಬ ಹಿನ್ನೆಲೆ ಬದಲಾದಾಗ, ಅಸ್ಪಷ್ಟವಾದ ಅದೇ ಸದ್ದನ್ನು ಅವರು ಬೇರೆ ಅಕ್ಷರವಾಗಿ ಗುರುತಿಸಿದರು. ಚಿಕ್ಕಮ್ಮನಿಗೆ ಆದದ್ದೂ ಹೆಚ್ಚುಕಡಿಮೆ ಇದೇ ಬಗೆಯದು, ಆದರೆ ಪದದ ಮಟ್ಟದಲ್ಲಿ. 'ಇದು ಕನ್ನಡ' ಎಂಬ ನಂಬಿಕೆ ಮೊದಲೇ ಇತ್ತು. ಅರ್ಥ ಅದರ ಹಿಂದೆ ಬಂತು. ಕೈ ಹಣ್ಣಿನಿಂದ ಹಿಂದೆ ಸರಿಯಿತು.

ಈಗ ಮುಖ್ಯ ಮಾತಿಗೆ ಬರ್ತೇನೆ. ನಂಬಿಕೆ ಭಾಷೆಯ ಬಗ್ಗೆ ಮಾತ್ರ ಇರುವುದಿಲ್ಲ, ಮಾತಾಡುವವರ ಬಗ್ಗೆಯೂ ಇರುತ್ತದೆ. 1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ತಾಯ್ನುಡಿಯ ಒಬ್ಬರೇ ಓದಿದ ಪಾಠವನ್ನು ಎರಡು ಗುಂಪಿನ ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಒಂದು ಗುಂಪಿಗೆ ಬಿಳಿಯ ಮುಖದ ಚಿತ್ರ, ಇನ್ನೊಂದಕ್ಕೆ ಏಷ್ಯಾದ ಮುಖದ ಚಿತ್ರ. ಏಷ್ಯಾದ ಮುಖ ನೋಡಿದವರಿಗೆ ಪಾಠ ಕಡಿಮೆ ಅರ್ಥವಾಗಿತ್ತು. ಮುಂದೆ ಬಂದ ಸಂಶೋಧಕರಲ್ಲಿ ಕೆಲವರು, ಇದು ಪೂರ್ವಗ್ರಹ ಮಾತ್ರವಲ್ಲ, ಮುಖ ನೋಡಿ ನಿರೀಕ್ಷಿಸಿದ ಉಚ್ಚಾರಣೆ ಬರದೆ ಹೋದದ್ದೂ ತೊಡಕಾಗಿರಬಹುದು ಎಂದಿದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಧ್ವನಿಗಿಂತ ಮೊದಲೇ ನಿರೀಕ್ಷೆ ಕೆಲಸ ಮಾಡಿದೆ ಅನ್ನೋದು ನಿಜ.

ಗಡಿಯಾಚೆಯಿಂದ ಓದಲು ಬಂದ ನಮ್ಮಲ್ಲಿ ಹಲವರಿಗೆ ಇದು ಹೊಸದಲ್ಲ. ನಾನು ಪದವಿಗೆ ಸೇರಿದಾಗ ಹೆಸರು ಹೇಳಿದ ಕೂಡಲೇ ಒಬ್ಬ ಸಹಪಾಠಿ, "ಓ, ಆಂಧ್ರದವರಾ? ನಿಮ್ಮ ಕನ್ನಡ ಅರ್ಥ ಆಗಲ್ಲ" ಅಂದ. ನಾನು ಆಗಿನ್ನೂ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ! ಆಮೇಲೆ ಅವನು ನನ್ನ ಹತ್ತಿರ ಮಾತಾಡೋದನ್ನೇ ಕಡಿಮೆ ಮಾಡಿದ. ನಾನೂ ತರಗತಿಯಲ್ಲಿ ಕೈ ಎತ್ತುವುದನ್ನು ಬಿಟ್ಟೆ.

ಅಪಾಯ ಇರೋದು ಇಲ್ಲೇ ನೋಡಿ. ತಪ್ಪು ಊಹೆ ತಿದ್ದಿಕೊಳ್ಳಬೇಕಾದರೆ ಅದಕ್ಕೆ ವಿರುದ್ಧವಾದ ಅನುಭವ ಬೇಕು. ಆದರೆ ನಂಬಿಕೆಯೇ ನಮ್ಮನ್ನು ಆ ಅನುಭವದಿಂದ ದೂರ ಇಡುತ್ತದೆ. ಅವನು ಕೇಳಲಿಲ್ಲ, ಆದ್ದರಿಂದ ಅವನ ಊಹೆ ತಪ್ಪಾಗಲಿಲ್ಲ. ನಾನು ಮಾತಾಡಲಿಲ್ಲ, ಆದ್ದರಿಂದ ನನ್ನ ಅಂಜಿಕೆಯೂ ತಪ್ಪಾಗಲಿಲ್ಲ. ತಪ್ಪಾಗಲು ಅವಕಾಶವೇ ಇಲ್ಲದ ನಂಬಿಕೆ ನಿಜದ ಹಾಗೆ ಕಾಣುತ್ತದೆ.

ಮೇಷ್ಟರಾಗಲು ಹೊರಟ ಗೆಳೆಯರು ಇದನ್ನು ಗಮನಿಸಬೇಕು. ಗಡಿ ಶಾಲೆಯ ಮಗು 'ಪಾಲು' ಅಂದಾಗ ಅದು ಹಂಚಿಕೆಯ ಪಾಲೋ, ತೆಲುಗಿನ ಹಾಲೋ? ಕಾಸರಗೋಡಿನ ಮಗುವಿಗೆ 'ಪಟ್ಟಿ' ಅಂದರೆ ಹೆಸರಿನ ಪಟ್ಟಿಯೋ, ಮಲಯಾಳದ ನಾಯಿಯೋ? ಮಗು ತಡವರಿಸಿದರೆ ಅದು ದಡ್ಡತನ ಅಂತ ತೀರ್ಮಾನಿಸಬೇಡಿ. ಎರಡು ಊಹೆಗಳಲ್ಲಿ ಒಂದನ್ನು ಆರಿಸುವ ಕೆಲಸ ಅಲ್ಲಿ ನಡೆಯುತ್ತಿರಬಹುದು. ಇನ್ನೊಂದು ಕ್ಷಣ ಕಾಯಿರಿ, ಇನ್ನೊಂದು ಪ್ರಶ್ನೆ ಕೇಳಿ. ನಿಮ್ಮ ಊಹೆ ತಪ್ಪಾಗಲು ಮಗುವಿಗೆ ಅವಕಾಶ ಕೊಡಿ.

ಅಂದಹಾಗೆ, ಆ ದಿನ ಅಮ್ಮ ನಗುತ್ತಾ ಅರ್ಥ ಬಿಡಿಸಿ ಹೇಳಿದ ಮೇಲೆ ಚಿಕ್ಕಮ್ಮ ಹಣ್ಣು ತಿಂದರು. ಪಕ್ಕದ ಮನೆಯವರು ಹೇಳಲು ಬಂದಿದ್ದದ್ದು ಮಗಳ ಮದುವೆಯ ಮಾತು.

ಪ್ರಶ್ನೆಗಳಿದ್ದರೆ ಕೇಳಬಹುದು.